ದುಡ್ಡು ತಗೊಳ್ಳುವ ಮೊದಲು ನಿಜ ಹೇಳಿಸಿ: ಬಾಗಲಕೋಟೆ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ,

ನಮಸ್ಕಾರ.

ನಾನು ಗುಳೇದಗುಡ್ಡದ ನೇಕಾರರ ಮನೆಯ ಮಗಳು. ಈಗ ಬೆಳಗಾವಿಯಲ್ಲಿ ಹೈಸ್ಕೂಲ್ ಟೀಚರ್. ಕಳೆದ ಡಿಸೆಂಬರ್‌ನಲ್ಲಿ ನಮ್ಮ ಅವ್ವ ಬಾದಾಮಿ ಹತ್ತಿರದ ಒಂದು ದೊಡ್ಡ ರೆಸಾರ್ಟ್‌ನಲ್ಲಿ 38 ಮೆಟ್ಟಿಲು ಹತ್ತಿದಳು. ಅವಳಿಗೆ 70 ವರ್ಷ. ಎರಡೂ ಮೊಣಕಾಲು ಸವೆದಿವೆ. ಒಂದು ಕೈ ನನ್ನ ಹೆಗಲ ಮೇಲೆ, ಇನ್ನೊಂದು ಕೈ ಸ್ಟೀಲ್ ಕಂಬಿಯ ಮೇಲೆ. ಐದಾರು ಮೆಟ್ಟಿಲಿಗೊಮ್ಮೆ ನಿಲ್ಲುತ್ತಿದ್ದಳು. ಎಣಿಸಿದ್ದು ಎಂಟನೇ ಕ್ಲಾಸಿನ ನನ್ನ ಮಗಳು. ಮೇಲೆ ಹೋಗಿ ನಿಂತಾಗ ಅವ್ವನ ಮೇಲ್ದುಟಿಯ ಮೇಲೆ ಬೆವರಿತ್ತು. ಡಿಸೆಂಬರ್ ಚಳಿಯಲ್ಲಿ.

ಆ ಮೆಟ್ಟಿಲುಗಳ ಬಗ್ಗೆ ಬರೆಯಲು ಕೂತಿದ್ದೇನೆ. ರೆಸಾರ್ಟ್‌ನ ಹೆಸರು ಇಲ್ಲಿ ಬರೆಯುವುದಿಲ್ಲ. ಆ ಹೆಸರು, ಬಿಲ್ಲು, ಫೋಟೊಗಳು ನಿಮ್ಮ ಕಚೇರಿಗೆ ಬೇರೆ ಲಕೋಟೆಯಲ್ಲಿ ಬರುತ್ತವೆ. ನನಗಾದ ನಷ್ಟವನ್ನು ಊರೆಲ್ಲ ಹೇಳಿಕೊಳ್ಳಬೇಕು ಅಂತ ಇದನ್ನು ಬರೆಯುತ್ತಿಲ್ಲ. ಇಂಥದ್ದು ಬೇರೆಯವರಿಗೂ ಆಗುತ್ತಿದೆ, ತಡೆಯುವ ಅಧಿಕಾರ ನಿಮ್ಮ ಕೈಯಲ್ಲಿದೆ. ಅದಕ್ಕೆ ಬರೆಯುತ್ತಿದ್ದೇನೆ.

ಅಪ್ಪ-ಅವ್ವನ ಮದುವೆಯಾಗಿ 50 ವರ್ಷ ಆಯಿತು. ಅಪ್ಪ 45 ವರ್ಷ ಕುಣಿ ಮಗ್ಗದಲ್ಲಿ ಕೂತು ಖಣ, ಅಂದರೆ ಕುಪ್ಪಸದ ಬಟ್ಟೆ, ನೇಯ್ದವರು. ಅವ್ವ ಕಂಡಿಕೆ ಸುತ್ತಿದವಳು. ಇಬ್ಬರೂ ಜೀವನದಲ್ಲಿ ಒಂದು ದಿನವೂ ಹೋಟೆಲ್‌ನಲ್ಲಿ ಉಳಿದವರಲ್ಲ. ಊರು ಬಿಟ್ಟರೆ ಬೀಗರ ಮನೆ, ಇಲ್ಲ ಮಠ, ಇಲ್ಲ ಜಾತ್ರೆಯ ಛತ್ರ. ಬಾದಾಮಿ ನಮ್ಮೂರಿಂದ ಮುಕ್ಕಾಲು ತಾಸಿನ ದಾರಿ. ಹೋದರೆ ಸಂಜೆಯೊಳಗೆ ವಾಪಸ್. ಅಪ್ಪ ಒಮ್ಮೆ ಅಂದಿದ್ದರು, "ಗುಹೆ ನೋಡಾಕ ಜನ ವಿಮಾನ ಏರಿ ಬರ್ತಾರ. ನಾವು ಒಂದ್ ರಾತ್ರಿ ಅಲ್ಲಿ ಮಲಗಿಲ್ಲ ನೋಡವಾ." ಅದು ನನ್ನ ಮನಸ್ಸಿನಲ್ಲಿ ಉಳಿದುಬಿಟ್ಟಿತ್ತು. ಪುಣೆಯಲ್ಲಿರುವ ತಮ್ಮ ಅರ್ಧ ಹಾಕಿದ, ನಾನು ಅರ್ಧ ಹಾಕಿದೆ. ಎರಡು ಕೋಣೆ, ಎರಡು ರಾತ್ರಿ. ಒಂದು ಕೋಣೆಗೆ ದಿನಕ್ಕೆ 9,000 ರೂಪಾಯಿ.

ಬುಕ್ ಮಾಡಿದ ಮೇಲೆ ಎರಡು ಸಲ ಫೋನ್ ಮಾಡಿದೆ. ಮೊದಲ ಸಲ ಬುಕ್ ಮಾಡಿದ ದಿನವೇ. ಎರಡನೆಯ ಸಲ ಹೋಗುವ ಐದು ದಿನ ಮೊದಲು. ಎರಡೂ ಸಲ ಒಂದೇ ಮಾತು ಕೇಳಿದೆ. "ವಯಸ್ಸಾದವರಿದ್ದಾರೆ, ಮೊಣಕಾಲು ನೋವಿದೆ, ಕೆಳಗಿನ ಕೋಣೆ ಬೇಕು." ಮೊದಲ ಸಲ "ಆಯ್ತು ಮೇಡಂ" ಅಂದರು. ಎರಡನೆಯ ಸಲ "ಲಿಫ್ಟ್ ಇದೆ, ಏನೂ ತೊಂದರೆ ಆಗಲ್ಲ" ಅಂದರು.

ಹೋದಾಗ ಕೆಳಗಿನ ಕೋಣೆಗಳೆಲ್ಲ ಒಂದು ಮದುವೆ ಪಾರ್ಟಿಗೆ ಹೋಗಿದ್ದವು. ನಮ್ಮದು ಎರಡನೇ ಮಹಡಿ. ಲಿಫ್ಟ್ ಬಾಗಿಲಿಗೆ ಒಂದು ಹೂಕುಂಡ ಅಡ್ಡ ಇಟ್ಟಿದ್ದರು. ಸಾಮಾನು ಹೊರಲು ಬಂದ ಹುಡುಗ ಹತ್ತಿರದ ಹಳ್ಳಿಯವನು. ಅವನನ್ನು ಕೇಳಿದೆ. ಅವನು ಮೆಲ್ಲಗೆ ಹೇಳಿದ, "ಕೆಟ್ಟು ಎರಡ್ ವಾರದ ಮ್ಯಾಲಾತ್ರಿ ಅಕ್ಕಾರ. ಪಾರ್ಟ್ ಬರಬೇಕ್ರಿ."

ಎರಡು ವಾರ. ನಾನು ಎರಡನೆಯ ಸಲ ಫೋನ್ ಮಾಡಿದ್ದು ಐದು ದಿನ ಹಿಂದೆ.

ಸಾಹೇಬರೇ, ನನ್ನ ಪತ್ರದ ಜೀವ ಇರುವುದು ಇಲ್ಲಿ. ಯಂತ್ರ ಕೆಡುತ್ತದೆ. ನಮ್ಮ ಶಾಲೆಯ ಬೋರ್‌ವೆಲ್ ಮೋಟಾರ್ ತಿಂಗಳಿಗೊಮ್ಮೆ ಕೆಡುತ್ತದೆ. ಲಿಫ್ಟ್ ಕೆಟ್ಟಿದ್ದಕ್ಕೆ ನನಗೆ ಸಿಟ್ಟಿಲ್ಲ. ಕೆಟ್ಟಿದೆ ಅಂತ ಗೊತ್ತಿದ್ದೂ, ಮೊಣಕಾಲು ನೋವಿನ ಮುದುಕಿ ಬರುತ್ತಾಳೆ ಅಂತ ಗೊತ್ತಿದ್ದೂ, "ಲಿಫ್ಟ್ ಇದೆ" ಅಂದರಲ್ಲ, ಅದಕ್ಕೆ ಸಿಟ್ಟು. ಅವತ್ತೇ ನಿಜ ಹೇಳಿದ್ದರೆ ತಾರೀಖು ಮುಂದೆ ಹಾಕುತ್ತಿದ್ದೆ. ಇಲ್ಲ, ಬೇರೆ ಕಡೆ ನೋಡುತ್ತಿದ್ದೆ. ದುಡ್ಡು ಕೊಡುವವರಿಗೆ ಆ ಆಯ್ಕೆಯೇ ಇಲ್ಲದಂತೆ ಮಾಡಿದರು.

ಕೋಣೆಯೊಳಗೆ ಹೋದೆವು. ಹಾಸಿಗೆ ಶುಭ್ರವಾಗಿತ್ತು, ಅದನ್ನು ಹೇಳಲೇಬೇಕು. ಹೊರಗಿನ ತೋಟವೂ ಚೆನ್ನಾಗಿತ್ತು. ಆದರೆ ಜಾಹೀರಾತಿನಲ್ಲಿ ನೋಡಿದ್ದ ನೋಟ ಅಲ್ಲಿರಲಿಲ್ಲ. ಅವರ ಚಿತ್ರದಲ್ಲಿ ಒಂದು ಬಾಲ್ಕನಿ, ಎರಡು ಬೆತ್ತದ ಕುರ್ಚಿ, ಎದುರಿಗೆ ಬಾದಾಮಿಯ ಕೆರೆ ಅಗಸ್ತ್ಯ ತೀರ್ಥದ ನೀರು, ದಂಡೆಯಲ್ಲಿ ಭೂತನಾಥ ಗುಡಿ, ಹಿಂದೆ ಕೆಂಪು ಬಂಡೆ. ಕೆಳಗೆ "ನಮ್ಮ ಕೋಣೆಯಿಂದ ಕಾಣುವ ನೋಟ" ಅಂತ ಬರಹ. ನಮ್ಮ ಕಿಟಕಿಯಿಂದ ಕಂಡದ್ದು ಜನರೇಟರ್ ಶೆಡ್ಡು, ಡೀಸೆಲ್ ಬ್ಯಾರಲ್‌ಗಳು, ಆಚೆ ಒಂದು ತೊಗರಿ ಹೊಲ. ಹೊಲ ಚೆಂದ ಇತ್ತು. ರಾತ್ರಿ ಎರಡು ಸಲ ಕರೆಂಟ್ ಹೋಯಿತು. ಎರಡು ಸಲವೂ ಹೊಗೆ ಒಳಗೆ ಬಂತು. ಅಪ್ಪ ಎದ್ದು ಕೂತು ಕೆಮ್ಮಿದರು.

ಆ ಚಿತ್ರ ನಿಜವಾಗಿರಲು ಸಾಧ್ಯವೇ ಇಲ್ಲ ಅಂತ ನನಗೆ ಆಮೇಲೆ ಹೊಳೆಯಿತು. ಪ್ರತಿ ವರ್ಷ ಮಕ್ಕಳನ್ನು ಟ್ರಿಪ್‌ಗೆ ಕರೆದುಕೊಂಡು ಬರುವವಳು ನಾನು, ಮೊದಲೇ ಹೊಳೆಯಬೇಕಿತ್ತು. ಕೇಂದ್ರ ಸರ್ಕಾರ ಕಾಯುವ ಸ್ಮಾರಕದ ಗಡಿಯಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ. ಅದರಾಚೆ 200 ಮೀಟರ್‌ಗೂ ಅನುಮತಿ ಬೇಕು. 2010ರ ತಿದ್ದುಪಡಿ ಆದ ಮೇಲೆ ಇದು ಬಿಗಿಯಾಗಿದೆ. ಬಾದಾಮಿಯ ಕೆರೆದಂಡೆ ತುಂಬಾ ಸ್ಮಾರಕಗಳೇ. ಅಲ್ಲಿ ಹೊಸದಾಗಿ ಎದ್ದ ರೆಸಾರ್ಟ್‌ಗೆ ಕೈಯಳತೆಯಲ್ಲಿ ನೀರು ಕಾಣುವ ಬಾಲ್ಕನಿ ಎಲ್ಲಿಂದ ಬರಬೇಕು? ಕೆರೆದಂಡೆಯಲ್ಲಿ ನಿಂತು ಯಾರೋ ತೆಗೆದ ಫೋಟೊವನ್ನು ಬಾಲ್ಕನಿಗೆ ಅಂಟಿಸಿದ್ದಾರೆ, ಅಷ್ಟೇ. ಆದರೆ ದೆಹಲಿಯಲ್ಲೋ ಕೊಚ್ಚಿಯಲ್ಲೋ ಕೂತು ಬುಕ್ ಮಾಡುವವರಿಗೆ ಇದು ಹೇಗೆ ಗೊತ್ತಾಗಬೇಕು? ಅವರು ಚಿತ್ರ ನಂಬಿ ಬರುತ್ತಾರೆ. ಬಂದು ಬಾದಾಮಿಯ ಮೇಲೆ ಬೇಜಾರು ಮಾಡಿಕೊಂಡು ಹೋಗುತ್ತಾರೆ.

ಇನ್ನೊಂದು ಸಂಗತಿ. ಕೋಣೆಯ ಸೋಫಾದ ಮೇಲೆ ನಾಲ್ಕು ದಿಂಬುಗಳಿದ್ದವು. ಕಡುಕೆಂಪು ಬಣ್ಣ, ಮೇಲೆ ತೇರಿನ ಗುರುತು. ನೋಡಿದ ಕೂಡಲೇ ಅಪ್ಪನ ಮುಖ ಅರಳಿತು. "ನಮ್ಮ ಖಣ ಹಾಕ್ಯಾರ" ಅಂದರು. ಹೋಗಿ ಒಂದು ದಿಂಬು ತೊಡೆಯ ಮೇಲಿಟ್ಟುಕೊಂಡರು. ಹೆಬ್ಬೆರಳಿನಿಂದ ಒಮ್ಮೆ ಉಜ್ಜಿದರು. ಆಮೇಲೆ ಜಿಪ್ ತೆಗೆದು ಬಟ್ಟೆಯನ್ನು ಒಳಗಡೆಯಿಂದ ಹೊರಳಿಸಿ ನೋಡಿದರು. ಖಣವನ್ನು ಹೊರಳಿಸಿದರೆ ಹಿಂದೆ ಬುಟ್ಟಾದ ನೂಲು ಓಡಿದ್ದು ಕಾಣಬೇಕು. ಇಲ್ಲಿ ಹಿಂದೆ ಬೆಳ್ಳಗಿತ್ತು. ಬರೀ ಬಣ್ಣ ಮಸುಕಾಗಿ ಇಳಿದಿತ್ತು. "ನೇದದ್ದಲ್ಲವಾ ಇದು. ಅಚ್ಚು ಹೊಡದದ್ದು" ಅಂದರು. ಜಿಪ್ ಹಾಕಿ, ದಿಂಬನ್ನು ಮೊದಲು ಹೇಗಿತ್ತೋ ಹಾಗೇ ಸರಿಯಾಗಿ ಇಟ್ಟರು. ಆಮೇಲೆ ಆ ಸೋಫಾದ ಮೇಲೆ ಅವರು ಕೂರಲಿಲ್ಲ.

ರೆಸಾರ್ಟ್‌ನವರ ಜಾಹೀರಾತಿನಲ್ಲಿ "ಸ್ಥಳೀಯ ಕೈಮಗ್ಗದ ಅಲಂಕಾರ" ಅಂತ ಇದೆ. ಗುಳೇದಗುಡ್ಡದ ಖಣಕ್ಕೆ ಜಿಐ ಮಾನ್ಯತೆ ಇದೆ, ಅಂದರೆ ಇದು ಈ ಊರಿನದೇ ಅನ್ನುವ ಸರ್ಕಾರಿ ಗುರುತು. ಇಳಕಲ್ ಸೀರೆಗೂ ಇದೆ. ಇಷ್ಟು ಮಾನ್ಯತೆ ಇಟ್ಟುಕೊಂಡೂ ನಮ್ಮ ಓಣಿಯಲ್ಲಿ ಮಗ್ಗಗಳು ಒಂದೊಂದಾಗಿ ನಿಂತವು. ನಾನು ಸಣ್ಣವಳಿದ್ದಾಗ ಬೆಳಗ್ಗೆ ಏಳುವ ಹೊತ್ತಿಗೆ ಎಲ್ಲ ಮನೆಯಿಂದಲೂ ಲಾಳಿಯ ಸದ್ದು ಬರುತ್ತಿತ್ತು. ಈಗ ಕಿವಿಗೊಟ್ಟು ಹುಡುಕಬೇಕು. ಒಂದು ರೆಸಾರ್ಟ್‌ಗೆ ಎಷ್ಟು ದಿಂಬು, ಎಷ್ಟು ಪರದೆ, ಎಷ್ಟು ಮೇಜುಹಾಸು ಬೇಕು ಲೆಕ್ಕ ಹಾಕಿ. ಅಷ್ಟನ್ನು ನಮ್ಮೂರಿನಿಂದ ತಗೊಂಡರೆ ಎರಡು ಮೂರು ಮನೆಗೆ ಕೆಲವು ತಿಂಗಳ ಕೆಲಸ. ತಗೊಳ್ಳಲೇಬೇಕು ಅಂತ ಬಲವಂತ ಮಾಡಲು ಆಗುವುದಿಲ್ಲ, ನನಗೂ ಗೊತ್ತು. ಆದರೆ ತಗೊಳ್ಳದೆ, ತಗೊಂಡಿದ್ದೇವೆ ಅಂತ ಹೇಳಬಾರದು. ಅಲ್ವಾ?

ಸಂಜೆ ಮಗಳು ಈಜುಕೊಳಕ್ಕೆ ಓಡಿದಳು. ಎರಡೇ ನಿಮಿಷದಲ್ಲಿ ವಾಪಸ್ ಬಂದಳು. ನೀರು ಹಸಿರಾಗಿತ್ತಂತೆ, ಸುತ್ತ ಹಗ್ಗ ಕಟ್ಟಿದ್ದರಂತೆ. ಅದರ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಅದನ್ನೂ ಯಾರೂ ಮೊದಲು ಹೇಳಿರಲಿಲ್ಲ.

ಊಟದ ವಿಷಯಕ್ಕೆ ಬರುತ್ತೇನೆ. ಮದುವೆಯ 50ನೇ ವರ್ಷದ ಊಟ ಅದು. ಅವ್ವನಿಗೆ ಮತ್ತೆ ಮೆಟ್ಟಿಲು ಇಳಿದು ಹತ್ತಲು ಆಗಲಿಲ್ಲ. "ನೀವು ಉಂಡ್ ಬರ್ರಿ, ನಾ ಇಲ್ಲೇ ಇರ್ತೇನಿ" ಅಂದಳು. ಅಪ್ಪ ಅವಳನ್ನು ಬಿಟ್ಟು ಇಳಿಯಲಿಲ್ಲ. ಕೊನೆಗೆ ಎಲ್ಲರೂ ಕೋಣೆಯಲ್ಲೇ ಉಂಡೆವು, ಮಂಚದ ಮೇಲೆ ಪೇಪರ್ ಹಾಸಿ. ಅವ್ವ ಕೇಳಿದ್ದು ಎರಡು ಜೋಳದ ರೊಟ್ಟಿ, ಸ್ವಲ್ಪ ಪಲ್ಯ. ಜಾಹೀರಾತಿನಲ್ಲಿ ರೊಟ್ಟಿ ಊಟದ ಫೋಟೊ ಇತ್ತು, ಎಣಗಾಯಿ, ಶೇಂಗಾ ಚಟ್ನಿ, ಮೊಸರು ಸಮೇತ. ಫೋನ್‌ನಲ್ಲಿ ಉತ್ತರ ಬಂತು, ರೊಟ್ಟಿ ಬೇಕಾದರೆ ಒಂದು ದಿನ ಮೊದಲೇ ಹೇಳಬೇಕಂತೆ. ಸುತ್ತ ನಾಲ್ಕೂ ದಿಕ್ಕಿಗೆ ಜೋಳದ ಹೊಲ. ಹಿಟ್ಟು ನಾದಿ, ಬಡಿದು, ಹಂಚಿಗೆ ಹಾಕಿ, ನೀರು ಸವರಿ, ಕೆಂಡದ ಮೇಲೆ ತಿರುವಿದರೆ ಒಂದು ರೊಟ್ಟಿಗೆ ಎಷ್ಟು ಹೊತ್ತು ಬೇಕು? ಪನೀರ್, ನೂಡಲ್ಸ್, ತಂದೂರಿ ರೋಟಿ ಎಲ್ಲ ಇದ್ದವು. ಅವ್ವನಿಗೆ ಮೈದಾ ಹಿಡಿಸುವುದಿಲ್ಲ. ಮೊಸರನ್ನ ಉಂಡು ಮಲಗಿದಳು.

ಆ ಊಟದ ಬಿಲ್ಲು ನನ್ನ ಮುಂದೆಯೇ ಇದೆ. ಊಟ 3,200 ರೂಪಾಯಿ. ಸರ್ವಿಸ್ ಚಾರ್ಜ್ ಶೇಕಡಾ 10, ಅಂದರೆ 320. ಒಟ್ಟು 3,520ರ ಮೇಲೆ ಶೇಕಡಾ 18 ಜಿಎಸ್‌ಟಿ, 633 ರೂಪಾಯಿ 60 ಪೈಸೆ. ಎಲ್ಲ ಸೇರಿ 4,153 ರೂಪಾಯಿ 60 ಪೈಸೆ. ಗಮನಿಸಿ, ಸರ್ವಿಸ್ ಚಾರ್ಜ್ ಮೇಲೂ ತೆರಿಗೆ ಹಾಕಿದ್ದಾರೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದೇ ಮಾರ್ಗಸೂಚಿ ಹೊರಡಿಸಿದೆ. ಹೋಟೆಲ್‌ಗಳು ಸರ್ವಿಸ್ ಚಾರ್ಜನ್ನು ತಾವಾಗಿಯೇ ಬಿಲ್ಲಿಗೆ ಸೇರಿಸುವಂತಿಲ್ಲ. ಬೇರೆ ಹೆಸರಿನಲ್ಲೂ ವಸೂಲಿ ಮಾಡುವಂತಿಲ್ಲ. ಊಟದ ಬಿಲ್ಲಿಗೆ ಸೇರಿಸಿ ಅದರ ಮೇಲೆ ಜಿಎಸ್‌ಟಿ ಹಾಕುವಂತೆಯೂ ಇಲ್ಲ. ಗ್ರಾಹಕರು ಇಷ್ಟಪಟ್ಟು ಕೊಟ್ಟರೆ ಮಾತ್ರ ಅದು. ದೆಹಲಿ ಹೈಕೋರ್ಟ್ 2025ರ ಮಾರ್ಚ್ 28ರಂದು ಈ ಮಾರ್ಗಸೂಚಿಯನ್ನು ಎತ್ತಿಹಿಡಿಯಿತು. ನಾನು ಇದನ್ನು ಕೌಂಟರ್‌ನಲ್ಲಿ ಹೇಳಿದೆ. "ಸಿಸ್ಟಮ್‌ನಲ್ಲಿ ತೆಗೆಯೋಕೆ ಬರಲ್ಲ" ಅಂದರು.

ಬೆಳಗ್ಗೆ ಆರಕ್ಕೆ ಬಿಸಿನೀರು ಬರಲಿಲ್ಲ. ನಲ್ಲಿ ತಿರುಗಿಸಿ ಹತ್ತು ನಿಮಿಷ ಕಾದೆವು. ಅವ್ವನ ಮೊಣಕಾಲಿಗೆ ಬೆಳಗ್ಗೆ ಬಿಸಿನೀರು ಬೀಳಲೇಬೇಕು, ಇಲ್ಲದಿದ್ದರೆ ಕಾಲು ಮಡಚಲು ಆಗುವುದಿಲ್ಲ. ಮತ್ತೆ ಅದೇ ಹುಡುಗ ಬಂದ. ಅಡುಗೆಮನೆಯಲ್ಲಿ ನೀರು ಕಾಯಿಸಿ, ಎರಡು ಬಕೆಟ್ ಹೊತ್ತು ಆ 38 ಮೆಟ್ಟಿಲು ಹತ್ತಿ ತಂದ. ಅವ್ವ ಅವನಿಗೆ ಐವತ್ತು ರೂಪಾಯಿ ಕೊಡಲು ಹೋದಳು. "ಬ್ಯಾಡ ಬಿಡಬೇ ಆಯಿ, ನಮ್ಮ ತಪ್ಪೈತಿ" ಅಂದ. ಆ ಇಡೀ ಜಾಗದಲ್ಲಿ ತಪ್ಪು ನಮ್ಮದು ಅಂದವನು ಅವನೊಬ್ಬನೇ.

ಹತ್ತು ಗಂಟೆಗೆ ಕೋಣೆ ಬಿಟ್ಟೆವು. ಎರಡನೆಯ ರಾತ್ರಿಯ ದುಡ್ಡು ವಾಪಸ್ ಕೇಳಿದೆ. ರೂಲ್ಸ್‌ನಲ್ಲಿ ಇಲ್ಲ ಅಂದರು. ಮುಂದಿನ ಸಲ ಬಂದರೆ ಶೇಕಡಾ 20 ರಿಯಾಯಿತಿ ಅಂತ ಒಂದು ಕೂಪನ್ ಕೊಟ್ಟರು. ಅಪ್ಪನಿಗೆ ಅವರು ಹೇಳುವ ಹಿಂದಿ ತಿಳಿಯಲಿಲ್ಲ. ಕೌಂಟರ್‌ನವರಿಗೆ ಅಪ್ಪನ ಕನ್ನಡ ತಿಳಿಯಲಿಲ್ಲ. ದೂರದ ಊರಿನಿಂದ ದುಡಿಯಲು ಬಂದ ಮಕ್ಕಳ ಮೇಲೆ ನನ್ನ ದೂರಿಲ್ಲ. ಆದರೆ ಬಾಗಲಕೋಟೆ ಜಿಲ್ಲೆಯ ಕೌಂಟರ್‌ನಲ್ಲಿ ಕನ್ನಡ ಬರುವವರು ಒಬ್ಬರಾದರೂ ಕೂರಬೇಕು.

ಅಲ್ಲಿಂದ ಸೀದಾ ಬನಶಂಕರಿಗೆ ಹೋದೆವು. ದೇವಿಯ ದರ್ಶನ ಆಯಿತು. ಹೊಂಡದ ಸುತ್ತಲಿನ ಕಲ್ಲಿನ ಸಾಲುಮಂಟಪದ ನೆರಳಲ್ಲಿ ಅವ್ವನನ್ನು ಕೂರಿಸಿದೆ. ನಿಮಗೆ ಗೊತ್ತೇ ಇದೆ, ಅಲ್ಲಿ ಸುತ್ತಲಿನ ಹಳ್ಳಿಯ ಹೆಣ್ಣುಮಕ್ಕಳು ಬುಟ್ಟಿಯಲ್ಲಿ ರೊಟ್ಟಿ ಊಟ ತಂದು ಮಾರುತ್ತಾರೆ. ಅವ್ವನ ವಯಸ್ಸಿನವರೇ ಒಬ್ಬರು ಬುಟ್ಟಿ ಇಳಿಸಿದರು. ನಾನು ರೊಟ್ಟಿ, ಕಾಳುಪಲ್ಯ, ಮಜ್ಜಿಗೆ ಕೇಳಿದೆ. ಅವರು ಬುಟ್ಟಿಯ ಬಟ್ಟೆ ಸರಿಸುತ್ತಾ ಹೇಳಿದರು, "ಮಜ್ಜಿಗಿ ಹುಳಿ ಆಗೈತಿ ತಂಗಿ, ಬ್ಯಾಡ. ಮೊಸರು ಛಲೋ ಐತಿ, ಅದನ್ನ ತಗೋ. ರೊಟ್ಟಿ ಮುಂಜಾನೆ ಐದಕ್ಕ ಬಡದದ್ದು, ಬಿಸಿ ಇಲ್ಲ ಮತ್ತ."

ಇನ್ನೂ ಒಂದು ರೂಪಾಯಿಯನ್ನೂ ನಾನು ಅವರಿಗೆ ಕೊಟ್ಟಿರಲಿಲ್ಲ. ಮಾರುವ ಮೊದಲೇ ಹುಳಿಯಾದದ್ದನ್ನು ಹುಳಿ ಅಂದರು, ಆರಿದ್ದನ್ನು ಆರಿದೆ ಅಂದರು. ಅವ್ವ ಮೂರು ರೊಟ್ಟಿ ತಿಂದಳು. ಗುರೆಳ್ಳು ಚಟ್ನಿ ಇನ್ನಷ್ಟು ಹಾಕಿಸಿಕೊಂಡಳು. ಮದುವೆಯ 50ನೇ ವರ್ಷದ ಊಟ ಅಂತ ನಾವು ನೆನಪಿಟ್ಟುಕೊಂಡಿರುವುದು ಅದನ್ನೇ.

ಅಷ್ಟು ಸಣ್ಣ ವ್ಯಾಪಾರದಲ್ಲಿ ಆಗುವ ಕೆಲಸ ದಿನಕ್ಕೆ 9,000 ರೂಪಾಯಿ ತಗೊಳ್ಳುವವರಿಂದ ಯಾಕೆ ಆಗುವುದಿಲ್ಲ? ಇದನ್ನೇ ನಿಮ್ಮಲ್ಲಿ ಕೇಳುತ್ತಿದ್ದೇನೆ.

ಖಾಸಗಿ ರೆಸಾರ್ಟ್‌ನ ವ್ಯವಹಾರ, ಜಿಲ್ಲಾಡಳಿತಕ್ಕೇನು ಸಂಬಂಧ ಅಂತ ಯಾರಾದರೂ ಕೇಳಬಹುದು. ಸಂಬಂಧ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 16ನೇ ಕಲಂ ಓದಿದೆ. ಜಿಲ್ಲಾಧಿಕಾರಿ ತಮ್ಮ ವ್ಯಾಪ್ತಿಯಲ್ಲಿ ಗ್ರಾಹಕರ ಹಕ್ಕಿಗೆ ಆಗುವ ಧಕ್ಕೆ, ಮೋಸದ ವ್ಯಾಪಾರ, ಸುಳ್ಳು ಜಾಹೀರಾತು, ದಾರಿ ತಪ್ಪಿಸುವ ಜಾಹೀರಾತಿನ ಬಗ್ಗೆ ದೂರು ಬಂದರೆ ವಿಚಾರಣೆ ಮಾಡಬಹುದು. ಮಾಡಿ ಕೇಂದ್ರ ಪ್ರಾಧಿಕಾರಕ್ಕೆ ವರದಿ ಕಳಿಸಬಹುದು. ಒಬ್ಬಿಬ್ಬರ ಜಗಳಕ್ಕಲ್ಲ, ಗ್ರಾಹಕರಿಗೆಲ್ಲ ಒಟ್ಟಾಗಿ ಆಗುವ ಅನ್ಯಾಯಕ್ಕೆ ಈ ಕಲಂ ಇರುವುದು. ಅಗಸ್ತ್ಯ ತೀರ್ಥದ ಆ ಸುಳ್ಳು ಬಾಲ್ಕನಿ ನನ್ನೊಬ್ಬಳ ಜಗಳ ಅಲ್ಲ. ಆ ಚಿತ್ರ ನೋಡಿ ದುಡ್ಡು ಕಟ್ಟಿದ ಎಲ್ಲರದ್ದು. ದಾರಿ ತಪ್ಪಿಸುವ ಜಾಹೀರಾತಿಗೆ ಪ್ರಾಧಿಕಾರ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ಆದರೆ ದೆಹಲಿಯಲ್ಲಿರುವ ಪ್ರಾಧಿಕಾರಕ್ಕೆ ಬಾದಾಮಿಯ ಕಿಟಕಿಯಿಂದ ಏನು ಕಾಣುತ್ತದೆ ಅಂತ ಗೊತ್ತಾಗುವುದು ಹೇಗೆ? ಯಾರಾದರೂ ಇಲ್ಲಿಯವರು ಹೋಗಿ ನೋಡಬೇಕು.

ಇನ್ನೊಂದು ಸಂಬಂಧವೂ ಇದೆ. ಅದು ದುಡ್ಡಿನದು. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗೆ ಜಿಎಸ್‌ಟಿ ಶೇಕಡಾ 5. ಅದಕ್ಕಿಂತ ಜಾಸ್ತಿ ಇದ್ದರೆ 18. ನಮ್ಮ ಎರಡು ಕೋಣೆಗೆ ಎರಡು ರಾತ್ರಿಯ ಬಾಡಿಗೆ 36,000, ತೆರಿಗೆ 6,480, ಒಟ್ಟು 42,480 ರೂಪಾಯಿ. ತೆರಿಗೆಯಲ್ಲಿ ಅರ್ಧ, 3,240 ರೂಪಾಯಿ, ನಮ್ಮ ರಾಜ್ಯಕ್ಕೆ ಬರುತ್ತದೆ. ಉತ್ತಮ ದರ್ಜೆ ಅಂತ ಸರ್ಕಾರ ಜಾಸ್ತಿ ತೆರಿಗೆ ತಗೊಳ್ಳುತ್ತದೆ. ಹಾಗಾದರೆ ಆ ದರ್ಜೆ ನಿಜವಾಗಿ ಇದೆಯಾ ಅಂತ ನೋಡುವುದೂ ಸರ್ಕಾರದ ಕೆಲಸ ಅಲ್ಲವೇ?

ಆ ರೆಸಾರ್ಟ್‌ನ ಕಮಾನಿನ ಮೇಲೆ "ಪಂಚತಾರಾ ಸೌಲಭ್ಯ" ಅಂತ ಬರೆದಿದ್ದಾರೆ. ಹೋಟೆಲ್‌ಗೆ ತಾರೆ ಕೊಡುವುದು ಕೇಂದ್ರ ಪ್ರವಾಸೋದ್ಯಮ ಸಚಿವಾಲಯ. ಅದಕ್ಕೊಂದು ಸಮಿತಿ ಇದೆ, ಬಂದು ಪರಿಶೀಲನೆ ಮಾಡುತ್ತದೆ, ಐದು ವರ್ಷಕ್ಕೆ ಮಾನ್ಯತೆ ಕೊಡುತ್ತದೆ. ಆ ಮಾನ್ಯತೆಗೆ ಅರ್ಜಿ ಹಾಕಲೇಬೇಕು ಅಂತ ಕಡ್ಡಾಯ ಇಲ್ಲ. ಹೀಗಾಗಿ ಅರ್ಜಿ ಹಾಕದವರೂ "ಪಂಚತಾರಾ" ಅನ್ನುವ ಪದವನ್ನು ಬಾಗಿಲಿಗೆ ಬರೆದುಕೊಂಡರೆ ಕೇಳುವವರಿಲ್ಲದಂತೆ ಆಗಿದೆ. ನಾನು ರಿಸೆಪ್ಷನ್‌ನಲ್ಲಿ ಪ್ರಮಾಣಪತ್ರ ತೋರಿಸಿ ಅಂದೆ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಲಿಫ್ಟ್‌ಗೆ ವಿದ್ಯುತ್ ಪರಿವೀಕ್ಷಣಾಲಯ ಲೈಸೆನ್ಸ್ ಕೊಡಬೇಕು, ಅದಕ್ಕೆ ರಾಜ್ಯದ 2012ರ ಕಾಯ್ದೆ ಇದೆ. ಅದನ್ನೂ ಯಾರೂ ತೋರಿಸಲಿಲ್ಲ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಖಾಸಗಿಯವರೂ ಸೇವೆಯನ್ನು ಎಲ್ಲರ ಕೈಗೆಟುಕುವಂತೆ ಇಡಬೇಕು ಅನ್ನುತ್ತದೆ. ಅಲ್ಲಿ ಗಾಲಿಕುರ್ಚಿ ಹೋಗುವ ಒಂದು ಇಳಿಜಾರು ದಾರಿಯೂ ನನಗೆ ಕಾಣಲಿಲ್ಲ.

ನನ್ನ ಸ್ವಂತ ದುಡ್ಡಿನ ವಿಷಯಕ್ಕೆ ನಾನು ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ಈಗಿನ ಕಾಯ್ದೆಯಲ್ಲಿ ನಾನಿರುವ ಬೆಳಗಾವಿಯಲ್ಲೇ ದೂರು ಹಾಕಬಹುದು. ಎರಡು ವರ್ಷದ ಒಳಗೆ ಹಾಕಬೇಕು. ಕೊಟ್ಟ ದುಡ್ಡು 5 ಲಕ್ಷದ ಒಳಗಿದ್ದರೆ ಶುಲ್ಕವೂ ಇಲ್ಲ. ಇದನ್ನು ಇಲ್ಲಿ ಬರೆಯುವುದಕ್ಕೆ ಕಾರಣ ಇದೆ. ಹೀಗೆ ನೊಂದವರು ಬಹಳ ಜನ "ಹೋಗಲಿ ಬಿಡು, ಯಾರು ಅಲೆದಾಡ್ತಾರೆ" ಅಂತ ಸುಮ್ಮನಾಗುತ್ತಾರೆ. ಸುಮ್ಮನಾಗಬೇಡಿ. 1915ಕ್ಕೆ ಫೋನ್ ಮಾಡಿದರೆ ಗ್ರಾಹಕ ಸಹಾಯವಾಣಿಯವರು ಕನ್ನಡದಲ್ಲೇ ಮಾತಾಡುತ್ತಾರೆ. ಬಿಲ್ಲು ಇಟ್ಟುಕೊಳ್ಳಿ. ಫೋನ್‌ನಲ್ಲಿ ಕೊಟ್ಟ ಮಾತನ್ನು ಮೆಸೇಜ್‌ನಲ್ಲಿ ಬರೆಸಿಕೊಳ್ಳಿ. ನಾನು ಬರೆಸಿಕೊಳ್ಳಲಿಲ್ಲ. ಕೆಳಗಿನ ಕೋಣೆ ಕೊಡುತ್ತೇವೆ ಅಂದಿದ್ದಕ್ಕೆ ಈಗ ನನ್ನ ಹತ್ತಿರ ಬರೀ ಕಾಲ್ ಮಾಡಿದ ದಾಖಲೆ ಇದೆ, ಮಾತಿನ ದಾಖಲೆ ಇಲ್ಲ.

ನಿಮ್ಮಿಂದ ನಾನು ಬಯಸುವುದು ಬಹಳ ದೊಡ್ಡದೇನಲ್ಲ. ಬಾದಾಮಿ, ಪಟ್ಟದಕಲ್ಲು, ಐಹೊಳೆ ಸುತ್ತಲಿನ ಹೋಟೆಲ್, ರೆಸಾರ್ಟ್‌ಗಳ ಮಾಲೀಕರನ್ನು ಒಂದು ದಿನ ಕರೆಸಿ. ಪ್ರವಾಸೋದ್ಯಮ ಇಲಾಖೆಯವರೂ ಇರಲಿ. ಅವರಿಗೆ ಒಂದೇ ಮಾತು ಹೇಳಿ. ಲಿಫ್ಟ್ ಕೆಟ್ಟಿದ್ದರೆ, ಈಜುಕೊಳ ಮುಚ್ಚಿದ್ದರೆ, ಬಿಸಿನೀರಿಗೆ ಹೊತ್ತಿದ್ದರೆ, ರೊಟ್ಟಿಗೆ ಒಂದು ದಿನ ಮೊದಲೇ ಹೇಳಬೇಕಿದ್ದರೆ, ದುಡ್ಡು ತಗೊಳ್ಳುವ ಮೊದಲು ಅದನ್ನು ಗ್ರಾಹಕರಿಗೆ ಬರೆದು ತಿಳಿಸಬೇಕು. ಬುಕ್ ಮಾಡಿದ ಮೇಲೆ ಕೆಟ್ಟರೆ ಅವತ್ತೇ ಮೆಸೇಜ್ ಹಾಕಬೇಕು. ಆಗ ಗ್ರಾಹಕರು ಬೇಡ ಅಂದರೆ ಪೂರ್ತಿ ದುಡ್ಡು ವಾಪಸ್ ಕೊಡಬೇಕು. ಬೆಲೆ ಹಾಕುವಾಗ ತೆರಿಗೆ ಸೇರಿಸಿಯೇ ಹಾಕಬೇಕು, 9,000 ಅಂತ ದೊಡ್ಡದಾಗಿ ಬರೆದು 10,620 ತಗೊಳ್ಳುವುದಲ್ಲ. ಪಂಚತಾರಾ ಅಂತ ಬರೆದವರು ಪ್ರಮಾಣಪತ್ರವನ್ನು ಕೌಂಟರ್ ಮೇಲೆ ಹಾಕಬೇಕು, ಇಲ್ಲದಿದ್ದರೆ ಆ ಪದ ಅಳಿಸಬೇಕು. ಆಮೇಲೆ ಯಾವತ್ತಾದರೂ ಒಂದು ದಿನ, ಮೊದಲೇ ಹೇಳದೆ, ನಿಮ್ಮವರು ಯಾರಾದರೂ ಸಾದಾ ಬಟ್ಟೆಯಲ್ಲಿ ಹೋಗಿ ಒಂದು ರಾತ್ರಿ ಉಳಿದು ಬರಲಿ.

ಇದೆಲ್ಲ ಯಾಕೆ ಇಷ್ಟು ಮುಖ್ಯ ಅಂದರೆ ಬಾದಾಮಿ ಅಂಥ ಊರು. ಮೂರನೆಯ ಗುಹೆಯ ಶಾಸನದಲ್ಲಿ ತಾರೀಖು ಸ್ಪಷ್ಟವಾಗಿದೆ, ಕ್ರಿ.ಶ. 578. ಚಾಲುಕ್ಯರ ಮಂಗಳೇಶ ಮಾಡಿಸಿದ್ದು. ಪಟ್ಟದಕಲ್ಲು 1987ರಲ್ಲೇ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ನಾನು ಮಕ್ಕಳಿಗೆ ಇದನ್ನೆಲ್ಲ ಕಲ್ಲು ಮುಟ್ಟಿಸಿ ತೋರಿಸಲು ಆಗುವುದಿಲ್ಲ ಅಂತ ದೂರ ನಿಲ್ಲಿಸಿ ತೋರಿಸುತ್ತೇನೆ, ಅಷ್ಟು ಜೋಪಾನ ಮಾಡುತ್ತೇವೆ. ಆದರೆ ಬರುವ ಜನ ಬೆಳಗ್ಗೆ ಬಂದು ಮೂರೂ ಊರು ಓಡಾಡಿ ಸಂಜೆ ಹಂಪಿಗೋ ಹುಬ್ಬಳ್ಳಿಗೋ ಹೊರಟುಬಿಡುತ್ತಾರೆ. ಒಂದು ರಾತ್ರಿ ಉಳಿದರೆ ಸಂಜೆ ಬಂಡೆ ಕೆಂಪಾಗುವುದನ್ನು ನೋಡುತ್ತಾರೆ, ಮಾರನೆಯ ದಿನ ಇಳಕಲ್‌ಗೋ ಗುಳೇದಗುಡ್ಡಕ್ಕೋ ಹೋಗಿ ಒಂದು ಸೀರೆ, ನಾಲ್ಕು ಖಣ ತಗೊಳ್ಳುತ್ತಾರೆ, ಆಟೋದವನಿಗೆ ನಾಲ್ಕು ಬಾಡಿಗೆ ಸಿಗುತ್ತದೆ. ಉಳಿಯಬೇಕಾದರೆ ನಂಬಿಕೆ ಬೇಕು. ನಮ್ಮಂಥ ಇಲ್ಲಿಯವರೇ ಒಂದು ರಾತ್ರಿಗೆ ಬೇಸತ್ತು ಎದ್ದುಬಂದರೆ ಹೊರಗಿನವರು ಹೇಗೆ ಉಳಿದಾರು?

ಊರಿಗೆ ಬಂದ ಮೇಲೆ ಅವ್ವ ಎಂಟು ದಿನ ಕಾಲಿಗೆ ಎಣ್ಣೆ ಹಚ್ಚಿ ಕಾವು ಕೊಟ್ಟುಕೊಂಡಳು. ಒಂದು ಸಲವೂ ಗೊಣಗಲಿಲ್ಲ. "ನೀ ದುಡ್ಡ್ ಹಾಕಿ ಕರ್ಕೊಂಡ್ ಹೋಗಿದ್ದಿ, ಅದ ನನಗ ಸಾಕವಾ" ಅಂದಳು. ಆ ಮಾತು ಕೇಳಿದ ಮೇಲೆ ಸುಮ್ಮನಿರಲು ನನಗೆ ಆಗಲಿಲ್ಲ.

ಕೊನೆಗೆ ಒಂದು ವಿನಂತಿ. ನಿಮ್ಮವರು ವಿಚಾರಣೆಗೆ ಹೋದಾಗ ಲಿಫ್ಟ್ ಕೆಟ್ಟ ಸುದ್ದಿ ಹೊರಗೆ ಹೇಳಿದ್ದು ಯಾರು ಅಂತ ರೆಸಾರ್ಟ್‌ನವರು ಹುಡುಕಬಹುದು. ಬಕೆಟ್ ಹೊತ್ತು ತಂದ ಆ ಹುಡುಗನ ಹೆಸರನ್ನು ನಾನು ಇಲ್ಲಿಯೂ ಬರೆದಿಲ್ಲ, ನಿಮ್ಮ ಲಕೋಟೆಯಲ್ಲೂ ಬರೆದಿಲ್ಲ. ಅವನ ಮನೆಯಲ್ಲಿ ದುಡಿಯುವವನು ಅವನೊಬ್ಬನೇ ಅಂತ ಅವ್ವನ ಹತ್ತಿರ ಹೇಳಿಕೊಂಡಿದ್ದಾನೆ. ಅವನ ಕೆಲಸಕ್ಕೆ ಏನೂ ಆಗದಂತೆ ದಯವಿಟ್ಟು ನೋಡಿಕೊಳ್ಳಿ.

ಇತಿ ನಿಮ್ಮ ವಿಶ್ವಾಸಿ,
ಗುಳೇದಗುಡ್ಡದ ಒಬ್ಬ ನೇಕಾರರ ಮಗಳು
ಬೆಳಗಾವಿ